ವಿದ್ಯುತ್ ಕಾರು ಮತ್ತು ಚಾಲಕನ ಕೈ

ವಾಹನದ ಚರಿತ್ರೆಯನ್ನು ಎಂಜಿನ್ನಿನ ಚರಿತ್ರೆಯೆಂದೇ ಬಗೆಯುವುದು ವಾಡಿಕೆ. ನಾವಿಲ್ಲಿ ವಿಚಾರಿಸುವುದು ಸ್ಟಿಯರಿಂಗ್ ಚಕ್ರವನ್ನು ಕುರಿತು. ಗೋಣಿಬೀಡಿನ ಕಾಫಿತೋಟಗಳ ನಡುವಣ ತಿರುವುಗಳಲ್ಲಿ, ಮಳೆಗಾಲದಂದು, ಟೈರಿನ ಹಿಡಿತ ಸಡಿಲುವುದನ್ನು ಚಾಲಕನಿಗೆ ಮೊದಲು ತಿಳಿಸುವುದು ಅವನ ಅಂಗೈ.

1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಡನೆ ಮಾರುಕಟ್ಟೆಗೆ ಬಂದ ಪವರ್ ಸ್ಟಿಯರಿಂಗ್, ಎಂಜಿನ್ನು ತಿರುಗಿಸುವ ಪಂಪಿನ ತೈಲದೊತ್ತಡವನ್ನು ಅವಲಂಬಿಸಿತ್ತು. ವಿದ್ಯುತ್ ಕಾರಿನಲ್ಲಿ ಆ ಎಂಜಿನ್ನೇ ಇಲ್ಲ. 2001ರಲ್ಲಿ ಬೆಂಗಳೂರಿನಿಂದ ಮಾರಾಟಕ್ಕೆ ಬಂದ ಪುಟ್ಟ ರೇವಾ ಕಾರಿನಲ್ಲಿ ಚಕ್ರ ತಿರುಗಿಸುವ ಶ್ರಮವೆಲ್ಲ ಚಾಲಕನದೇ ಆಗಿತ್ತು. ರಸ್ತೆಯ ಸ್ಪರ್ಶವೂ ನೇರವಾಗಿ ಅವನದಾಗಿತ್ತು. ಇಂದಿನ ವಿದ್ಯುತ್ ಕಾರುಗಳಲ್ಲಿ ಪ್ರತ್ಯೇಕ ಮೋಟಾರೊಂದು ಆ ಭಾರವನ್ನು ಹೊರುತ್ತದೆ. ಎಷ್ಟು ಹೊರಬೇಕೆಂಬುದನ್ನು ಕಂಪ್ಯೂಟರು ನಿರ್ಧರಿಸುತ್ತದೆ.

ಕೈಗೆ ಹಗುರವಾದಷ್ಟೂ ರಸ್ತೆಯ ಸುಳಿವು ಮಂದವಾಗಬಹುದು. ಎಂಜಿನ್ನಿನ ಸದ್ದೂ ಇಲ್ಲದ ಕಾರಿನಲ್ಲಿ ಈ ನಷ್ಟ ಅಲ್ಪವಲ್ಲ. ಸೌಕರ್ಯದ ಚರಿತ್ರೆಯನ್ನು ಬರೆಯುವವರು ಅದಕ್ಕಾಗಿ ತೆತ್ತ ಅರಿವಿನ ಲೆಕ್ಕವನ್ನೂ ಇಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ.