ರಾಜ ನೆಗೆದಾಗ

ಕಳೆದ ಮಳೆಗಾಲದಲ್ಲಿ ಮಾಗೋಡಿನ ಮನೆಯ ಜಗಲಿಯಲ್ಲಿ ದೊಡ್ಡಪ್ಪನ ಕೈಲಿ ಚದುರಂಗದಲ್ಲಿ ಸೋತೆ. ಸೋತ ಆಟವನ್ನೆಲ್ಲ ಲಿಚೆಸ್‌ಗೆ ಹಾಕಿ ಎಲ್ಲಿ ಎಡವಿದೆ ಅಂತ ನೋಡೋದು ನನ್ನ ಚಾಳಿ. ಅವತ್ತು ನೆಟ್‌ವರ್ಕ್ ಇರಲಿಲ್ಲ. ಫೋನಿನಲ್ಲೇ ಓಡುವ ಸ್ಟಾಕ್‌ಫಿಶ್ ಇತ್ತು, ನಡೆಗಳನ್ನು ಒಂದೊಂದಾಗಿ ಕೊಟ್ಟೆ. ಒಂಬತ್ತನೆಯದನ್ನು ಅದು ಒಪ್ಪಲೇ ಇಲ್ಲ. ದೊಡ್ಡಪ್ಪನ ರಾಜ ಕುದುರೆಯ ಹಾಗೆ ನೆಗೆದಿದ್ದ.

‘ಈ ನಡೆ ತಪ್ಪಂತೆ’ ಅಂದೆ. ‘ತಮಾ, ನಿನ್ನ ಮಷೀನಿಗೆ ಆಟವೇ ಬತ್ತಿಲ್ಲೆ’ ಅಂದವರು ಕವಳ ಹಾಕಿಕೊಂಡು ಎದ್ದುಹೋದರು. ಅವರಿಗೆ ಬೇಜಾರಾಗಿತ್ತು.

ಅವರು ಹೇಳಿದ್ದೇ ಸರಿ. ನಮ್ಮ ಹಳೆಯ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಕ್ಯಾಸ್ಲಿಂಗ್ ಇಲ್ಲ, ಅದರ ಬದಲು, ಇನ್ನೂ ಶಹ ಬೀಳದ ರಾಜ ಒಮ್ಮೆ ಕುದುರೆಯಂತೆ ನೆಗೆಯಬಹುದು. ಯುರೋಪಿನಲ್ಲೂ ಮಧ್ಯಯುಗದ ರಾಜ ಹೀಗೇ ನೆಗೆಯುತ್ತಿದ್ದ, ಆ ನೆಗೆತವೇ ಮುಂದೆ ಕ್ಯಾಸ್ಲಿಂಗ್ ಆಯಿತು. ಅಂದರೆ ನನ್ನ ಫೋನು ತಪ್ಪು ಅಂದದ್ದು ಅದರದೇ ನಿಯಮದ ಅಜ್ಜನನ್ನು!

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತದ್ದೂ ಇಂಥದೇ ದೇಸಿ ಆಟ. ಅಂತಾರಾಷ್ಟ್ರೀಯ ನಿಯಮಗಳನ್ನು ದೊಡ್ಡವನಾದ ಮೇಲೆ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ನಡುವೆ ಕಾಪಾಬ್ಲಾಂಕನನ್ನೂ ಸೋಲಿಸಿದ. ಅವನ ಆಟದ ಆರಂಭ ಮಾತ್ರ ಕೊನೆಯವರೆಗೂ ದುರ್ಬಲ ಎನ್ನುತ್ತಾರೆ. ಇರಲೇಬೇಕಲ್ಲ, ಕಾಲಾಳು ಎರಡು ಮನೆ ಓಡುವ ಆರಂಭಗಳನ್ನು ಅವನು ಬಾಲ್ಯದಲ್ಲಿ ಆಡಿಯೇ ಇರಲಿಲ್ಲ.

ಸಾಫ್ಟ್‌ವೇರ್ ವಿಷಯಕ್ಕೆ ಬರ್ತೀನಿ. 1980ರ ದಶಕದಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಚೆಸ್‌ಬೇಸ್ ಸಾವಿರಾರು ಆಟಗಳನ್ನು ಜೋಡಿಸಿಡುವವರಿಗೆ ಸರಿ, ಆದರೆ ದುಡ್ಡು ಕೊಡಬೇಕು. ನಮ್ಮಂಥವರಿಗೆ 2008ರಲ್ಲಿ ಬಂದ ಉಚಿತ ಸ್ಟಾಕ್‌ಫಿಶ್ ಧಾರಾಳ ಸಾಕು. ಆದರೆ ನನ್ನ ಈ ಸೋಲಿಗೆ ಎರಡೂ ಪ್ರಯೋಜನವಿಲ್ಲ. ಕೊನೆಗೆ ಸಿಕ್ಕಿದ್ದು ಸ್ಟಾಕ್‌ಫಿಶ್‌ನಿಂದಲೇ ಕವಲೊಡೆದ ಫೇರಿ-ಸ್ಟಾಕ್‌ಫಿಶ್. ಅದು ಕಾಂಬೋಡಿಯದ ಚದುರಂಗವನ್ನೂ ಬಲ್ಲದು, ಅಲ್ಲಿನ ರಾಜನೂ ಒಮ್ಮೆ ನೆಗೆಯುತ್ತಾನೆ. ಬೇಕಾದ ನಿಯಮಗಳನ್ನು ಒಂದು ಫೈಲಿನಲ್ಲಿ ಬರೆದುಕೊಡಬಹುದು. ಒಂದು ಶನಿವಾರ ಪೂರ್ತಿ ಹೆಣಗಿದೆ. ದೊಡ್ಡಪ್ಪನ ಆಟಕ್ಕೆಂದೇ ತರಬೇತಾದ ನ್ಯೂರಲ್ ನೆಟ್ ಇಲ್ಲದ್ದರಿಂದ ಅದು ಕೊಡುವ ಅಂಕವನ್ನು ಪೂರ್ತಿ ನಂಬುವ ಹಾಗಿಲ್ಲ. ಆದರೆ ಈ ಸಲ ಒಂಬತ್ತನೇ ನಡೆ ದಾಟಿತು.

ರಾಜ ನೆಗೆದ ಕೂಡಲೇ ನಾನು ಆನೆಯನ್ನು ನಡುಸಾಲಿಗೆ ತಂದಿದ್ದರೆ ಆಟ ನನ್ನದೇ ಆಗುತ್ತಿತ್ತಂತೆ. ಊರಿಗೆ ಫೋನ್ ಮಾಡಿ ಹೇಳಿದೆ.

‘ಅದು ಯಂಗೆ ಅವತ್ತೇ ಕಂಡಿತ್ತು’ ಅಂದರು ದೊಡ್ಡಪ್ಪ.