ತಂತಿಯಿಲ್ಲದ ಗಿಟಾರುಗಳ ಪೈಪೋಟಿ

೨೦೦೮ರ ನವೆಂಬರ್ ತಿಂಗಳು. ನಾನು ಮುಂಬಯಿಯಿಂದ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದೆ. ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಸಮೀಪಿಸಿತ್ತು. ಹಬ್ಬದ ಮರುದಿನ ಅಲ್ಲಿನ ಅಂಗಡಿಗಳಲ್ಲಿ ಭಾರೀ ರಿಯಾಯಿತಿ. ಮನೆಯಲ್ಲಿ ಒಂದು ವಾರದಿಂದ ಒಂದೇ ವಿಷಯದ ಚರ್ಚೆ: ಹನ್ನೆರಡು ವರ್ಷದ ಮೊಮ್ಮಗನಿಗೆ ಕೊಡಿಸಬೇಕಾದದ್ದು 'ಗಿಟಾರ್ ಹೀರೋ' ಎಂಬ ಆಟವನ್ನೋ, 'ರಾಕ್ ಬ್ಯಾಂಡ್' ಎಂಬುದನ್ನೋ? ಎರಡೂ ಟೆಲಿವಿಷನ್ನಿಗೆ ಜೋಡಿಸಿ ಆಡುವ ಆಟಗಳು. ಎರಡರ ಪೆಟ್ಟಿಗೆಯಲ್ಲಿಯೂ ಪ್ಲಾಸ್ಟಿಕ್ ಗಿಟಾರ್, ಡ್ರಮ್, ಮೈಕು. ಎರಡರ ಬೆಲೆಯೂ ಹೆಚ್ಚುಕಡಿಮೆ ೧೯೦ ಡಾಲರ್. "ಅಜ್ಜ, ನೀವೇ ಹೇಳಿ" ಎಂದು ಹುಡುಗ ನನ್ನನ್ನೇ ಪಂಚಾಯಿತಿಗೆ ಕೂಡಿಸಿದ. ಮಾಟುಂಗದ ಎರಡು ಕೋಣೆಯ ಮನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ಮಂಚದಡಿ ಜಾಗ ಮಾಡಿಕೊಂಡು ಬದುಕಿದವನು ನಾನು. "ಇಷ್ಟು ಸಾಮಾನು ಎಲ್ಲಿಡುತ್ತೀರಿ?" ಎಂದಷ್ಟೇ ಕೇಳಿದೆ. ಎಲ್ಲರೂ ನಕ್ಕರು. ಆ ಪ್ರಶ್ನೆ ಅಷ್ಟು ನಗುವಂಥದ್ದಾಗಿರಲಿಲ್ಲವೆಂದು ಮುಂದಿನ ಮೂರು ವರ್ಷಗಳಲ್ಲಿ ತಿಳಿಯಿತು.

ಅಂದು ನನಗೆ ಅರ್ಥವಾದದ್ದು ಅಲ್ಪ. ಆಮೇಲೆ ಓದಿ, ಕೇಳಿ ತಿಳಿದದ್ದು ಸ್ವಲ್ಪ ಹೆಚ್ಚು. ಆ ಕಥೆಯನ್ನು ನಮ್ಮ ಓದುಗರ ಮುಂದಿಡುವುದಕ್ಕೆ ಕಾರಣವುಂಟು. ಇದು ಆಟಿಕೆಯ ಕಥೆಯಂತೆ ಕಂಡರೂ ಮೇಳದ ಹೆಸರು ಒಬ್ಬರಲ್ಲಿ ಉಳಿದು, ಹಿಮ್ಮೇಳದವರು ಎದ್ದು ಹೋದರೆ ಏನಾಗುತ್ತದೆಂಬ ಕಥೆಯೂ ಹೌದು.

ಮೊದಲು ಆಟದ ಬಗೆಯನ್ನು ಹೇಳಿಬಿಡುತ್ತೇನೆ. ಗಿಟಾರಿನ ಕತ್ತಿನಲ್ಲಿ ತಂತಿಗಳಿರುವುದಿಲ್ಲ. ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿಗಳು. ಬಲಗೈಗೆ ಮೀಟಲು ಒಂದು ಸಣ್ಣ ಪಟ್ಟಿ. ಪರದೆಯ ಮೇಲೆ ಒಂದು ಹಾದಿ ನಮ್ಮತ್ತ ಹರಿದು ಬರುತ್ತದೆ, ಅದರ ಮೇಲೆ ಅದೇ ಬಣ್ಣದ ಬಿಲ್ಲೆಗಳು. ಬಿಲ್ಲೆ ಗೆರೆಯನ್ನು ಮುಟ್ಟುವ ಕ್ಷಣದಲ್ಲಿ ಆ ಬಣ್ಣದ ಗುಂಡಿಯನ್ನೊತ್ತಿ ಪಟ್ಟಿಯನ್ನು ಮೀಟಬೇಕು. ಸರಿಯಾಗಿ ಮೀಟಿದರೆ ಹಾಡಿನ ಗಿಟಾರ್ ಭಾಗ ಕೇಳಿಸುತ್ತದೆ. ತಪ್ಪಿದರೆ ಆ ಭಾಗ ಮಾತ್ರ ಮೌನವಾಗಿ ಮಿಕ್ಕ ವಾದ್ಯಗಳು ಮುಂದೆ ಸಾಗುತ್ತವೆ. ಈ ಮೌನದಲ್ಲಿಯೇ ಆಟದ ಜೀವವಿದೆ. ನುಡಿಸುತ್ತಿರುವವನು ತಾನೇ ಎಂಬ ಭ್ರಮೆ ಹುಟ್ಟುವುದು ತಾನು ತಪ್ಪಿದಾಗ ಹಾಡು ಬಡವಾಗುವುದರಿಂದ.

ಈ ಕಲ್ಪನೆ ಅಮೆರಿಕದವರದಲ್ಲ. ಮೂಲ ಜಪಾನಿನದು. ೧೯೯೬ರಲ್ಲಿ 'ಪರಾಪ್ಪ ದಿ ರಾಪರ್' ಎಂಬ ಆಟ ತಾಳಕ್ಕೆ ಗುಂಡಿಯೊತ್ತುವುದನ್ನು ಮನೆಮನೆಗೆ ತಂದಿತು. ಮರುವರ್ಷ ಕೊನಾಮಿ ಕಂಪನಿ 'ಬೀಟ್‌ಮೇನಿಯಾ'ವನ್ನು ನಾಣ್ಯ ಹಾಕಿ ಆಡುವ ಆಟದಂಗಡಿಗಳಲ್ಲಿರಿಸಿತು. ಅದರ ಬೆನ್ನಿಗೇ ಬಂದ 'ಗಿಟಾರ್ ಫ್ರೀಕ್ಸ್' ಆಟದಲ್ಲಿ ಮೂರು ಗುಂಡಿಯ ಗಿಟಾರ್ ಇತ್ತು, 'ಡ್ರಮ್‌ಮೇನಿಯಾ'ದಲ್ಲಿ ಬಡಿಯುವ ಫಲಕಗಳೂ ಪೆಡಲೂ ಇದ್ದವು. ಆದರೆ ಆಟದಂಗಡಿಯಲ್ಲಿ ವಾದ್ಯ ಅಂಗಡಿಯವನದು. ನಾಣ್ಯ ಹಾಕಿ, ಹಾಡು ಮುಗಿಸಿ, ಮನೆಗೆ ಹೋಗಬಹುದು. ಅದನ್ನು ಮನೆಯೊಳಗೆ ತರುವುದು ಬೇರೆಯೇ ಮಾತು.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿ ೧೯೯೫ರಲ್ಲಿ ಅಲೆಕ್ಸ್ ರಿಗೋಪುಲೋಸ್, ಎರಾನ್ ಎಗೋಜಿ ಎಂಬಿಬ್ಬರು ಹಾರ್ಮೋನಿಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇಬ್ಬರೂ ಎಂ.ಐ.ಟಿ.ಯಲ್ಲಿ ಕಲಿತವರು, ಎಗೋಜಿ ಕ್ಲಾರಿನೆಟ್ ವಾದಕರೂ ಹೌದು. ವಾದ್ಯ ಕಲಿಯಲು ಬೇಕಾದ ವರ್ಷಗಳ ಸಾಧನೆಯಿಲ್ಲದವನಿಗೂ ನುಡಿಸುವ ಸುಖದ ಒಂದು ತುಣುಕನ್ನು ಉಣಬಡಿಸಬೇಕೆಂಬುದು ಅವರ ಹಂಬಲ. ಹತ್ತು ವರ್ಷ ಅವರು ಒದ್ದಾಡಿದರು. ೨೦೦೧ರ 'ಫ್ರೀಕ್ವೆನ್ಸಿ', ೨೦೦೩ರ 'ಆ್ಯಂಪ್ಲಿಟ್ಯೂಡ್' ಆಟಗಳನ್ನು ಬಲ್ಲವರು ಹೊಗಳಿದರು, ಕೊಳ್ಳುವವರು ಕಡಿಮೆ. ಇತ್ತ ಕ್ಯಾಲಿಫೋರ್ನಿಯಾದಲ್ಲಿ ಕೈ ಹುವಾಂಗ್, ಚಾರ್ಲ್ಸ್ ಹುವಾಂಗ್ ಎಂಬ ಸಹೋದರರ ರೆಡ್‌ಆಕ್ಟೇನ್ ಕಂಪನಿ ನೃತ್ಯದ ಆಟಗಳಿಗೆ ಬೇಕಾದ ಕಾಲ್ಚಾಪೆಗಳನ್ನು ಮಾರುತ್ತಿತ್ತು. ಅವರಿಗೆ ಗಿಟಾರ್ ಮಾಡುವ ಆಸೆ. ಅದಕ್ಕೊಂದು ಆಟ ಬೇಕು. ಇವರಿಗೆ ಆಟ ಗೊತ್ತು, ವಾದ್ಯವಿಲ್ಲ. ಇಬ್ಬರೂ ಕೂಡಿದ್ದರಿಂದ ೨೦೦೫ರ ನವೆಂಬರಿನಲ್ಲಿ 'ಗಿಟಾರ್ ಹೀರೋ' ಹೊರಬಂತು. ಬೆಲೆ ಸುಮಾರು ೭೦ ಡಾಲರ್. ಸಾಧಾರಣ ಆಟಕ್ಕಿಂತ ದುಬಾರಿ, ಪೆಟ್ಟಿಗೆಯೂ ದೊಡ್ಡದು. ಹಾಡುಗಳಲ್ಲಿ ಹೆಚ್ಚಿನವು ಮೂಲ ಗಾಯಕರ ಧ್ವನಿಮುದ್ರಿಕೆಗಳಲ್ಲ, ಬೇರೆಯವರು ಅನುಕರಿಸಿ ಹಾಡಿದಂಥವು. ಆದರೂ ಆಟ ಗೆದ್ದಿತು.

ಗೆದ್ದದ್ದೇ ತಡ, ಹಣವಂತರು ಬಂದರು. ೨೦೦೬ರಲ್ಲಿ ಆಕ್ಟಿವಿಷನ್ ಎಂಬ ದೊಡ್ಡ ಕಂಪನಿ ಸುಮಾರು ೧೦ ಕೋಟಿ ಡಾಲರಿಗೆ ರೆಡ್‌ಆಕ್ಟೇನನ್ನು ಕೊಂಡಿತು. ಅದೇ ವರ್ಷ ವಯಾಕಾಮ್‌ನ ಎಂ.ಟಿ.ವಿ. ೧೭.೫ ಕೋಟಿ ಡಾಲರ್ ಕೊಟ್ಟು ಹಾರ್ಮೋನಿಕ್ಸನ್ನು ಕೊಂಡಿತು. ಇಲ್ಲಿ ಗಂಟು ಬಿಚ್ಚಿತು. 'ಗಿಟಾರ್ ಹೀರೋ' ಎಂಬ ಹೆಸರು ರೆಡ್‌ಆಕ್ಟೇನಿನದು, ಆದ್ದರಿಂದ ಆಕ್ಟಿವಿಷನ್ನಿನದು. ಅದನ್ನು ರಚಿಸಿದ ಕೈಗಳು ಹಾರ್ಮೋನಿಕ್ಸಿನವು. ನಮ್ಮ ಕರಾವಳಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಳದ ಹೆಸರು, ಡೇರೆ, ವೇಷದ ಪೆಟ್ಟಿಗೆ ಎಲ್ಲ ಯಜಮಾನರ ಕೈಯಲ್ಲಿ. ಭಾಗವತರೂ ಮದ್ದಳೆಯವರೂ ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರಿದರು. ಈಗ ಪ್ರೇಕ್ಷಕ ಯಾವ ಡೇರೆಗೆ ಟಿಕೆಟು ಕೊಳ್ಳಬೇಕು?

೨೦೦೭ರ ಅಕ್ಟೋಬರ್ ಕೊನೆಯಲ್ಲಿ 'ಗಿಟಾರ್ ಹೀರೋ ೩' ಬಂತು. ಅದನ್ನು ರಚಿಸಿದವರು ನೆವರ್‌ಸಾಫ್ಟ್ ಎಂಬ ಬೇರೆ ತಂಡದವರು. ಮೂರು ವಾರ ಕಳೆದು ನವೆಂಬರ್ ೨೦ಕ್ಕೆ ಹಾರ್ಮೋನಿಕ್ಸಿನವರ 'ರಾಕ್ ಬ್ಯಾಂಡ್' ಬಂತು. ಗಿಟಾರ್ ಸಹಿತ ಮೊದಲನೆಯದಕ್ಕೆ ೧೦೦ ಡಾಲರ್. ಗಿಟಾರ್, ಡ್ರಮ್, ಮೈಕು ಕೂಡಿದ ಎರಡನೆಯದಕ್ಕೆ ೧೭೦. ಒಂದರ ಗಿಟಾರ್ ಗಿಬ್ಸನ್ ಕಂಪನಿಯ ಲೆಸ್ ಪಾಲ್ ವಾದ್ಯದ ಆಕಾರದ್ದು, ಇನ್ನೊಂದರದು ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರಿನದು. ನಿಜವಾದ ಗಿಟಾರ್ ಲೋಕದ ಹಳೆಯ ಪ್ರತಿಸ್ಪರ್ಧಿಗಳಿಬ್ಬರು ಹೀಗೆ ಆಟಿಕೆಯ ರೂಪದಲ್ಲಿಯೂ ಎದುರುಬದುರಾದರು.

ಆದರೆ ನಿಜವಾದ ಭೇದ ಇರುವುದು ಸ್ವಭಾವದಲ್ಲಿ. 'ಗಿಟಾರ್ ಹೀರೋ ೩'ರಲ್ಲಿ ಆಟಗಾರ ಒಂಟಿ ವೀರ. ಸ್ಲ್ಯಾಶ್, ಟಾಮ್ ಮೊರೆಲ್ಲೊರಂಥ ಖ್ಯಾತ ಗಿಟಾರ್ ವಾದಕರ ಎದುರು, ಕಡೆಗೆ ಸಾಕ್ಷಾತ್ ಸೈತಾನನ ಎದುರು ಗಿಟಾರ್ ಕಾಳಗಕ್ಕೆ ನಿಲ್ಲಬೇಕು. ಬಿಲ್ಲೆಗಳು ಮಳೆಯಂತೆ ಸುರಿಯುತ್ತವೆ. ಬೆರಳಿನ ಚಳಕವೇ ಸರ್ವಸ್ವ. 'ರಾಕ್ ಬ್ಯಾಂಡ್'ನಲ್ಲಿ ನಾಲ್ವರ ತಂಡ. ತಂಡದಲ್ಲೊಬ್ಬ ತಪ್ಪಿ ತಪ್ಪಿ ಆಟದಿಂದ ಹೊರಬಿದ್ದರೆ ಉಳಿದವರು ತಾವು ಗಳಿಸಿಟ್ಟ ಶಕ್ತಿಯನ್ನು ವ್ಯಯಮಾಡಿ ಅವನನ್ನು ಮತ್ತೆ ಎತ್ತಿ ನಿಲ್ಲಿಸಬಹುದು. ಅದೂ ಒಂದು ಹಾಡಿನಲ್ಲಿ ಎರಡು ಸಲ ಮಾತ್ರ. ಆಟದ ನಿಯಮವೆಂದರೆ ಇಷ್ಟೇ. ನನಗಂತೂ ಅದರಲ್ಲಿ ಪಕ್ಕವಾದ್ಯದ ಧರ್ಮ ಕಂಡಿತು. ಆದರೆ ಮಾರಾಟದ ಲೆಕ್ಕ ನನ್ನ ಅಭಿರುಚಿಯನ್ನು ಕೇಳಿ ಬರೆದದ್ದಲ್ಲ. 'ಗಿಟಾರ್ ಹೀರೋ ೩'ರ ಮಾರಾಟ ೧೦೦ ಕೋಟಿ ಡಾಲರ್ ದಾಟಿತೆಂದು ಆಕ್ಟಿವಿಷನ್ ೨೦೦೯ರಲ್ಲಿ ಘೋಷಿಸಿತು. ಹೆಸರಿನ ಬಲ ಅಂಥದು.

ಕೊಳ್ಳುವವರಿಗೆ ತಲೆನೋವಾದದ್ದು ಇನ್ನೊಂದು ಸಂಗತಿ. ಆಟದ ತಟ್ಟೆ ೬೦ ಡಾಲರ್‌ನದಾದರೂ ದುಡ್ಡು ಹೂಡುವುದು ವಾದ್ಯದ ಮೇಲೆ. ಒಂದು ಮನೆಯ ವಾದ್ಯ ಇನ್ನೊಂದು ಆಟದಲ್ಲಿ ನುಡಿಯುವುದೇ? ಎಕ್ಸ್‌ಬಾಕ್ಸ್ ೩೬೦ ಯಂತ್ರದಲ್ಲಿ ಗಿಟಾರ್ ಹೀರೋವಿನ ಗಿಟಾರ್ ರಾಕ್ ಬ್ಯಾಂಡಿಗೂ ಒದಗಿತು. ಸೋನಿಯ ಪ್ಲೇಸ್ಟೇಷನ್ ೩ರಲ್ಲಿ ಒದಗಲಿಲ್ಲ. ಅದನ್ನು ಸರಿಪಡಿಸುವ ತಿದ್ದುಪಡಿ ಸಿದ್ಧವಿದೆ, ಆಕ್ಟಿವಿಷನ್ ಅಡ್ಡಿಮಾಡಿದೆ ಎಂದು ಹಾರ್ಮೋನಿಕ್ಸಿನವರು ೨೦೦೭ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಹೇಳಿದರು. ಕ್ರಿಸ್‌ಮಸ್ ಸಮಯ, ಮಕ್ಕಳ ಕೈಯಲ್ಲಿ ಗಿಟಾರ್ ಇದ್ದೂ ಮೂಕ. ೨೦೦೮ರಲ್ಲಿ ಹೊಸ ಆವೃತ್ತಿಗಳು ಬರುವ ಹೊತ್ತಿಗೆ ಈ ಬೇಲಿ ಬಹುಮಟ್ಟಿಗೆ ಬಿತ್ತು. ಅತ್ತ ನ್ಯಾಯಾಲಯದಲ್ಲಿಯೂ ಗದ್ದಲ: ತನ್ನ ೧೯೯೯ರ ಪೇಟೆಂಟನ್ನು ಮೀರಲಾಗಿದೆಯೆಂದು ಗಿಬ್ಸನ್ ಕಂಪನಿ ಇಬ್ಬರ ಮೇಲೂ ಆರೋಪ ಹೊರಿಸಿತು, ಕೊನಾಮಿ ತನ್ನ ಹಳೆಯ ಹಕ್ಕುಗಳನ್ನೆತ್ತಿಕೊಂಡು ಹಾರ್ಮೋನಿಕ್ಸಿನ ಮೇಲೆ ಹೋಯಿತು.

ನಾವು ಚರ್ಚೆಗೆ ಕುಳಿತದ್ದು ಈ ಕಾಲದಲ್ಲಿ. ಆಗ ಎದುರಿಗಿದ್ದುದು 'ರಾಕ್ ಬ್ಯಾಂಡ್ ೨' ಮತ್ತು 'ಗಿಟಾರ್ ಹೀರೋ ವರ್ಲ್ಡ್ ಟೂರ್'. ಒಂದರಲ್ಲಿ ೮೪ ಹಾಡು, ಇನ್ನೊಂದರಲ್ಲಿ ೮೬. ಗಿಟಾರ್ ಹೀರೋ ಕೂಡ ಈಗ ತಂಡದ ಆಟವಾಗಿತ್ತು. ಅದರ ಡ್ರಮ್ಮಿನಲ್ಲಿ ಮೂರು ಫಲಕಗಳ ಮೇಲೆ ಎರಡು ಎತ್ತರದ ಸಿಂಬಲ್‌ಗಳು. ರಾಕ್ ಬ್ಯಾಂಡಿನದು ನಾಲ್ಕು ಫಲಕ. ಮೊದಲ ಆವೃತ್ತಿಯ ಪೆಡಲ್ ಬಿರುಕುಬಿಡುತ್ತದೆಂಬ ದೂರಿನಿಂದ ಎರಡನೆಯದಕ್ಕೆ ಲೋಹದ ತಗಡು ಕೂಡಿಸಿದ್ದರು. ಮೊಮ್ಮಗನ ಗೆಳೆಯರೆಲ್ಲ ಗಿಟಾರ್ ಹೀರೋ ಪಕ್ಷ. ಅಳಿಯಂದಿರು ಲೆಕ್ಕದ ಮನುಷ್ಯ. ಅವರು ತೆಗೆದ ವಾದ ಇದು: ರಾಕ್ ಬ್ಯಾಂಡಿನವರು ವಾರವಾರವೂ ಹೊಸ ಹಾಡುಗಳನ್ನು ಮಾರುತ್ತಾರೆ, ಹಾಡೊಂದಕ್ಕೆ ಸುಮಾರು ಎರಡು ಡಾಲರ್, ಹಿಂದಿನ ಆಟದ ಹಾಡುಗಳನ್ನೂ ಐದು ಡಾಲರ್ ಕೊಟ್ಟು ಹೊಸದಕ್ಕೆ ಒಯ್ಯಬಹುದು, ಅಂದರೆ ಸಂಗ್ರಹ ಬೆಳೆಯುತ್ತದೆ. ಮಗಳಿಗೆ ಹಾಡುವ ಚಪಲ. ಕಡೆಗೆ ರಾಕ್ ಬ್ಯಾಂಡ್ ಮನೆಗೆ ಬಂತು.

ನಾನೂ ಒಂದು ಸಂಜೆ ಡ್ರಮ್ಮಿನ ಮುಂದೆ ಕುಳಿತೆ. ಆದಿತಾಳ, ರೂಪಕ ಕೈಗೆ ಹತ್ತಿದವನು, ಇದೇನು ಮಹಾ ಎಂದುಕೊಂಡೆ. ಹಾಡು ಅರ್ಧಕ್ಕೆ ಬರುವ ಮೊದಲೇ ಹೊರಬಿದ್ದೆ. ತಪ್ಪು ನನ್ನದೇ: ನಾನು ಕಿವಿಯಿಂದ ತಾಳ ಹಿಡಿಯುತ್ತಿದ್ದೆ, ಆಟ ಕಣ್ಣಿನಿಂದ ಹಿಡಿ ಎನ್ನುತ್ತಿತ್ತು. ಇನ್ನೊಂದು ಸೂಕ್ಷ್ಮವನ್ನು ಅಳಿಯಂದಿರು ತೋರಿಸಿದರು. ಆ ವರ್ಷಗಳಲ್ಲಿಯೇ ಮನೆಗಳಿಗೆ ಚಪ್ಪಟೆ ಟೆಲಿವಿಷನ್‌ಗಳು ಬರುತ್ತಿದ್ದವು. ಅವು ಚಿತ್ರವನ್ನು ಹದಗೊಳಿಸಿ ತೋರಿಸುವಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ತಡವಾಗುತ್ತದೆ, ಆದರೆ ತಾಳಕ್ಕೆ ಅದು ದೊಡ್ಡ ತಡ. ರಾಕ್ ಬ್ಯಾಂಡ್ ೨ರ ಗಿಟಾರಿನೊಳಗೆ ಪರದೆಯ ಬೆಳಕನ್ನೂ ಸ್ಪೀಕರಿನ ಸದ್ದನ್ನೂ ಗ್ರಹಿಸಿ ಈ ತಡವನ್ನು ತಾನೇ ಅಳೆದುಕೊಳ್ಳುವ ಉಪಾಯವಿತ್ತು. ಗಿಟಾರನ್ನು ಟಿ.ವಿ.ಯ ಮುಂದೆ ಆರತಿಯಂತೆ ಹಿಡಿದು ನಿಂತ ಅಳಿಯಂದಿರ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

೨೦೦೯ರಲ್ಲಿ ಭರಾಟೆ ತುದಿಗೇರಿತು, ಅಲ್ಲಿಯೇ ಇಳಿಜಾರೂ ಶುರುವಾಯಿತು. ಸೆಪ್ಟೆಂಬರ್ ೯ಕ್ಕೆ 'ದಿ ಬೀಟಲ್ಸ್: ರಾಕ್ ಬ್ಯಾಂಡ್' ಬಂತು, ೪೫ ಹಾಡುಗಳು. ಬೀಟಲ್ಸರ ಹಾಡುಗಳು ಐಟ್ಯೂನ್ಸ್ ಅಂಗಡಿಯಲ್ಲಿ ಮಾರಾಟಕ್ಕೆ ಬಂದದ್ದು ೨೦೧೦ರ ನವೆಂಬರಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಅವು ಈ ಆಟದಲ್ಲಿದ್ದವೆಂದರೆ ಹಾರ್ಮೋನಿಕ್ಸಿನವರು ಗಳಿಸಿದ್ದ ನಂಬಿಕೆಯನ್ನು ಊಹಿಸಬಹುದು. ಆಕ್ಟಿವಿಷನ್ ಹಿಡಿದದ್ದು ಬೇರೆ ದಾರಿ. ಆ ಒಂದೇ ವರ್ಷದಲ್ಲಿ ಮೆಟಾಲಿಕಾ, ಸ್ಮ್ಯಾಶ್ ಹಿಟ್ಸ್, ಗಿಟಾರ್ ಹೀರೋ ೫, ಬ್ಯಾಂಡ್ ಹೀರೋ, ಡಿಜೆ ಹೀರೋ, ವ್ಯಾನ್ ಹೇಲನ್ ಎಂದು ಸಾಲುಸಾಲಾಗಿ ತಂದಿತು. ಡಿಜೆ ಹೀರೋವಿಗೆ ತಿರುಗುವ ತಟ್ಟೆಯ ಹೊಸ ವಾದ್ಯ ಬೇರೆ. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಮನೆಯಲ್ಲಿ ಆಗಲೇ ಎರಡು ಗಿಟಾರ್, ಒಂದು ಡ್ರಮ್ ಇದ್ದವರು ಮೂರನೆಯ ಪೆಟ್ಟಿಗೆಯನ್ನು ಏಕೆ ಹೊತ್ತು ತರಬೇಕು? ನಾನು ಕೇಳಿದ ಜಾಗದ ಪ್ರಶ್ನೆಯನ್ನು ಈಗ ಊರೆಲ್ಲ ಕೇಳತೊಡಗಿತ್ತು.

೨೦೧೦ರ 'ರಾಕ್ ಬ್ಯಾಂಡ್ ೩' ಈ ಪಂಥದ ಅತ್ಯಂತ ಮಹತ್ವಾಕಾಂಕ್ಷೆಯ ಕೃತಿ. ಕೀಬೋರ್ಡ್ ಸೇರಿತು, ಗಿಟಾರಿಗೆ ಐದು ಗುಂಡಿಯ ಬದಲು ೧೦೨ ಗುಂಡಿಗಳ ಇನ್ನೊಂದು ವಾದ್ಯ, ಮುಂದೆ ನಿಜವಾದ ತಂತಿಗಳುಳ್ಳದ್ದೂ ಬಂತು. ಭ್ರಮೆಯಿಂದ ವಿದ್ಯೆಗೆ ಸೇತುವೆ ಕಟ್ಟುವ ಪ್ರಯತ್ನ ಅದು. ತಡವಾಗಿತ್ತು. ಅದೇ ಡಿಸೆಂಬರಿನಲ್ಲಿ ವಯಾಕಾಮ್ ಹಾರ್ಮೋನಿಕ್ಸನ್ನು ಕೈಬಿಟ್ಟಿತು. ಹದಿನೇಳೂವರೆ ಕೋಟಿಗೆ ಕೊಂಡ ಸಂಸ್ಥೆ ಹೆಸರಿಗೆ ಐವತ್ತು ಡಾಲರಿಗೆ ಹೋಯಿತು, ಬಾಧ್ಯತೆಗಳನ್ನು ಕೊಂಡವರೇ ಹೊತ್ತರು ಎಂದು ಪತ್ರಿಕೆಗಳು ಬರೆದವು. ೨೦೧೧ರ ಫೆಬ್ರವರಿಯಲ್ಲಿ ಆಕ್ಟಿವಿಷನ್ ಗಿಟಾರ್ ಹೀರೋ ವಿಭಾಗವನ್ನೇ ಮುಚ್ಚಿತು. ಎರಡು ಡೇರೆಗಳೂ ಹೆಚ್ಚುಕಡಿಮೆ ಒಂದೇ ಗಾಳಿಗೆ ಬಿದ್ದವು.

೨೦೧೫ರ ಅಕ್ಟೋಬರಿನಲ್ಲಿ ಇಬ್ಬರೂ ಮತ್ತೊಮ್ಮೆ ಎದ್ದರು. 'ಗಿಟಾರ್ ಹೀರೋ ಲೈವ್' ಮೂರು ಮೂರರ ಎರಡು ಸಾಲಿನ ಆರು ಗುಂಡಿಯ ಹೊಸ ಗಿಟಾರನ್ನು ತಂದಿತು. ಹಳೆಯವು ಅದಕ್ಕೆ ನಡೆಯುವುದಿಲ್ಲ. ಅದರ ತಟ್ಟೆಯಲ್ಲಿ ೪೨ ಹಾಡು, ಉಳಿದ ನೂರಾರು ಹಾಡುಗಳು ಅಂತರ್ಜಾಲದ ವಾಹಿನಿಯಲ್ಲಿ. ೨೦೧೮ರ ಡಿಸೆಂಬರ್ ೧ಕ್ಕೆ ಆ ವಾಹಿನಿ ನಿಂತಿತು, ಹಾಡುಗಳು ಹೋದವು. 'ರಾಕ್ ಬ್ಯಾಂಡ್ ೪' ಹಾಗೆ ಮಾಡಲಿಲ್ಲ. ಹಿಂದೆ ಕೊಂಡ ಹಾಡುಗಳಲ್ಲಿ ಹೆಚ್ಚಿನವನ್ನೂ ಹಳೆಯ ವಾದ್ಯಗಳನ್ನೂ ಆದಷ್ಟು ಬರಮಾಡಿಕೊಂಡಿತು. ಎಕ್ಸ್‌ಬಾಕ್ಸಿನವರು ಮಾತ್ರ ಒಂದು ಅಡಾಪ್ಟರ್ ಕೊಳ್ಳಬೇಕಾಯಿತು. ೨೦೨೪ರ ಜನವರಿಯವರೆಗೂ ಹೊಸ ಹಾಡು ಬರುತ್ತಿದ್ದವು. ಅಳಿಯಂದಿರ ಲೆಕ್ಕ ಅಷ್ಟರಮಟ್ಟಿಗೆ ಸರಿಯಾಗಿತ್ತು. ೨೦೨೧ರಲ್ಲಿ ಹಾರ್ಮೋನಿಕ್ಸನ್ನು ಎಪಿಕ್ ಗೇಮ್ಸ್ ಕೊಂಡಿದೆ. ಅವರು ಈಗ 'ಫೋರ್ಟ್‌ನೈಟ್' ಆಟದೊಳಗಿನ ಸಂಗೀತದ ಭಾಗವನ್ನು ನೋಡಿಕೊಳ್ಳುತ್ತಾರೆ.

ಕಂಪನಿಗಳು ಕೈಬಿಟ್ಟ ಗಿಟಾರುಗಳನ್ನು ಎತ್ತಿಕೊಂಡವರು ಹವ್ಯಾಸಿಗಳು. 'ಕ್ಲೋನ್ ಹೀರೋ' ಎಂಬ ಉಚಿತ ಆಟವನ್ನು ಮಾಡಿ, ಕಂಪ್ಯೂಟರಿಗೆ ಹಳೆಯ ಗಿಟಾರ್ ಜೋಡಿಸಿ ನುಡಿಸುತ್ತಾರೆ. ಅದರಿಂದ ಹಳೆಯ ಪ್ಲಾಸ್ಟಿಕ್ ಗಿಟಾರುಗಳಿಗೆ ಮತ್ತೆ ಗಿರಾಕಿ ಹುಟ್ಟಿದೆ. ಮೊಮ್ಮಗ ಈಗ ಉದ್ಯೋಗದ ಮೇಲೆ ಸಿಯಾಟಲ್‌ನಲ್ಲಿದ್ದಾನೆ. ಕಳೆದ ಸಲ ನಾನು ನ್ಯೂಜೆರ್ಸಿಯಲ್ಲಿದ್ದಾಗ ಫೋನು ಮಾಡಿ, "ಅಜ್ಜ, ನನ್ನ ಗಿಟಾರನ್ನು ಅಮ್ಮ ಎಸೆದಿಲ್ಲ ತಾನೆ? ಕೆಳಗೆ ಹೋಗಿ ಸ್ವಲ್ಪ ನೋಡಿ" ಎಂದ. ಡ್ರಮ್ಮನ್ನು ಮಗಳು ಎಂದೋ ಯಾರಿಗೋ ಕೊಟ್ಟುಬಿಟ್ಟಿದ್ದಳು. ಗಿಟಾರ್ ನೆಲಮಾಳಿಗೆಯ ಮೂಲೆಯಲ್ಲಿತ್ತು. ಬ್ಯಾಟರಿ ಒಳಗೇ ಸೋರಿ ಹಸಿರುಗಟ್ಟಿತ್ತು; ಅದನ್ನು ವಿನೆಗರಿನಲ್ಲದ್ದಿದ ಹತ್ತಿಯಿಂದ ಹೇಗೆ ಒರೆಸಬೇಕೆಂದು ಅವನೇ ಫೋನಿನಲ್ಲಿ ಹೇಳಿಕೊಟ್ಟ, ನಾನು ಒರೆಸಿದೆ.