ಸರ್ವೆ, ಸರ್ನೋಕ್, ಹಿಸ್ಸಾ: ನಕ್ಷೆಯ ಟೇಬಲ್‌ನಲ್ಲಿ ಕಾಲಂ ಜೋಡಿಸುವ ಬಗೆ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹೊಲವೊಂದರ ಪಹಣಿಯನ್ನು ರಾಜ್ಯದ ಭೂದಾಖಲೆ ತಾಣ ‘ಭೂಮಿ’ಯಲ್ಲಿ ಹುಡುಕುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಬಳಿಕ ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಉಪಗುರುತು), ಹಿಸ್ಸಾ (ಪಾಲಿನ ಸಂಖ್ಯೆ) ತುಂಬಬೇಕು. ಇದೇ ಮಾಹಿತಿ ನಕ್ಷೆಯ ತಂತ್ರಾಂಶಕ್ಕೆ ಬಂದಾಗ ಅಟ್ರಿಬ್ಯೂಟ್ ಟೇಬಲ್‌ನಲ್ಲಿ ಒಂದೊಂದೂ ಬೇರೆ ಕಾಲಂ ಆಗಿರುತ್ತದೆ. ಪಹಣಿಯ ಸಾಲು ನಕ್ಷೆಯ ಹೊಲಕ್ಕೆ ತಾಳೆಯಾಗಬೇಕಾದರೆ ಎರಡೂ ಕಡೆ ಒಂದೇ ಗುರುತು ಬೇಕು. ಅದಕ್ಕಾಗಿ ಕಾಲಂಗಳನ್ನು ಜೋಡಿಸುತ್ತಾರೆ. ಶಹಾಬಾದ, ವಾಡಿ ಸುತ್ತ ಸುಣ್ಣಕಲ್ಲಿನ ಗಣಿಯೂ ಬೇಸಾಯದ ಹೊಲವೂ ಒತ್ತಾಗಿವೆ. ಅಲ್ಲಿ ಒಂದು ಹಿಸ್ಸಾ ತಪ್ಪಿದರೆ ನಕ್ಷೆ ಇನ್ನೊಬ್ಬರ ಜಮೀನನ್ನು ತೋರಿಸುತ್ತದೆ.

ಜೋಡಿಸುವ ಸೂತ್ರ

ಉಚಿತವಾಗಿ ಸಿಗುವ ಕ್ಯೂಜಿಐಎಸ್‌ನಲ್ಲಿ ಈ ಕೆಲಸ ನಡೆಯುವುದು ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ. ಕಾಲಂ ಹೆಸರಿಗೆ ಜೋಡಿ ಉದ್ಧರಣ ಚಿಹ್ನೆ, ನಾವು ಸೇರಿಸುವ ಅಕ್ಷರಕ್ಕೆ ಒಂಟಿ ಚಿಹ್ನೆ, ನಡುವೆ ಎರಡು ಲಂಬ ಗೆರೆ:

"ಗ್ರಾಮ" || '/' || "ಸರ್ವೆ" || '/' || "ಸರ್ನೋಕ್" || '/' || "ಹಿಸ್ಸಾ"

ಆ ಓರೆಗೆರೆಗಳನ್ನು ಅಲಂಕಾರವೆಂದು ಬಿಡುವಂತಿಲ್ಲ. ಸರ್ವೆ 1ರ ಹಿಸ್ಸಾ 12, ಸರ್ವೆ 11ರ ಹಿಸ್ಸಾ 2 ಇವೆರಡನ್ನೂ ಗೆರೆಯಿಲ್ಲದೆ ಜೋಡಿಸಿದರೆ ಎರಡೂ 112 ಆಗುತ್ತವೆ. ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಲಂಬ ಗೆರೆಯ ಬದಲು ಕೂಡುವ ಚಿಹ್ನೆ ಹಾಕಿದರೆ ಇನ್ನೊಂದು ಪೇಚು. 2011ರ ಜನಗಣತಿಯಲ್ಲಿ ಕರ್ನಾಟಕದ ಸಂಕೇತ 29, ಆಗಿನ ಗುಲಬರ್ಗಾ ಜಿಲ್ಲೆಯದು 579. ಎರಡೂ ಸಂಖ್ಯೆಯ ಕಾಲಂ ಆಗಿದ್ದರೆ ಕೂಡಿದ ಉತ್ತರ 608. ನಮಗೆ ಬೇಕಿದ್ದುದು 29579.

ಖಾಲಿ ಕೋಶದ ಪ್ರಶ್ನೆ

ಲಂಬ ಗೆರೆಯ ಸೂತ್ರದಲ್ಲಿ ಒಂದು ಕೋಶ ‘ನಲ್’ ಆಗಿದ್ದರೂ ಇಡೀ ಉತ್ತರ ನಲ್ ಆಗುತ್ತದೆ. ‘ಕಾನ್‌ಕ್ಯಾಟ್’ ಎಂಬ ಫಂಕ್ಷನ್ ಹಾಗಲ್ಲ, ಖಾಲಿಯನ್ನು ದಾಟಿ ಉಳಿದುದನ್ನು ಜೋಡಿಸುತ್ತದೆ. ನಕ್ಷೆಯ ಮೇಲೆ ಊರು, ತಾಲ್ಲೂಕಿನ ಹೆಸರು ಬರೆಯಲು ಕಾನ್‌ಕ್ಯಾಟ್ ಸಾಕು. ಜಮೀನಿನ ಗುರುತಿಗೆ ಮಾತ್ರ ಲಂಬ ಗೆರೆಯೇ ಲೇಸು: ಹಿಸ್ಸಾ ಬಿಟ್ಟುಹೋದ ಸಾಲು ಖಾಲಿಯಾಗಿ ಕಣ್ಣಿಗೆ ಬೀಳುತ್ತದೆ, ಅರ್ಧ ಗುರುತು ಹೊತ್ತು ನುಸುಳಿಹೋಗುವುದಿಲ್ಲ.

ಕಳೆದುಹೋಗುವ ಸೊನ್ನೆ

2011ರ ಸಂಕೇತಗಳಲ್ಲಿ ತಾಲ್ಲೂಕಿಗೆ ಐದಂಕಿ, ಗ್ರಾಮಕ್ಕೆ ಆರಂಕಿ. ಕರ್ನಾಟಕದ ತಾಲ್ಲೂಕು ಸಂಕೇತಗಳು ಸೊನ್ನೆಯಿಂದ ಶುರುವಾಗುತ್ತವೆ. ಎಕ್ಸೆಲ್ ಅದನ್ನು ಸಂಖ್ಯೆಯೆಂದು ಓದಿ ಸೊನ್ನೆ ಉದುರಿಸುತ್ತದೆ, 5/6 ಎಂಬ ಹಿಸ್ಸಾವನ್ನು ತಾರೀಕು ಮಾಡಿಬಿಡುವುದೂ ಉಂಟು. ಕಡತ ತರುವಾಗಲೇ ಈ ಕಾಲಂಗಳನ್ನು ಪಠ್ಯವೆಂದು ಗುರುತಿಸಬೇಕು. ಸೊನ್ನೆ ಆಗಲೇ ಹೋಗಿದ್ದರೆ ‘ಎಲ್‌ಪ್ಯಾಡ್’ ಫಂಕ್ಷನ್ ಅದನ್ನು ಮತ್ತೆ ತುಂಬಿಕೊಡುತ್ತದೆ.

ಕನ್ನಡದಲ್ಲಿ ಕಾಲಂ ಹೆಸರಿಡುವವರು ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜ್ ಬಳಸುವುದು ಒಳ್ಳೆಯದು. ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ ಸಿಗುವುದು 10 ಬೈಟ್. ಯೂನಿಕೋಡ್‌ನ ಯುಟಿಎಫ್-8ರಲ್ಲಿ ‘ಸರ್ವೆ’ ಎಂಬ ಪುಟ್ಟ ಪದಕ್ಕೇ 15 ಬೈಟ್ ಬೇಕು.

ತಾಲ್ಲೂಕು ಬದಲಾದಾಗ

ಗುರುತಿನೊಳಗೆ ಏನನ್ನು ಸೇರಿಸಬೇಕು ಎಂಬುದು ಸೂತ್ರಕ್ಕಿಂತ ದೊಡ್ಡ ಪ್ರಶ್ನೆ. 2011ರಲ್ಲಿ ಶಹಾಬಾದ ಚಿತ್ತಾಪುರ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಕಾಳಗಿಯೂ ಹೊಸ ತಾಲ್ಲೂಕಾಯಿತು. ಗುಲಬರ್ಗಾ ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಎಂದಾಯಿತು. ಇಂಗ್ಲಿಷ್ ಕಡತಗಳಲ್ಲಂತೂ ಚಿತ್ತಾಪುರಕ್ಕೆ ಒಂದು ಕಡೆ ಒಂದು ‘ಟಿ’, ಇನ್ನೊಂದು ಕಡೆ ಎರಡು. ತಾಲ್ಲೂಕಿನ ಹೆಸರನ್ನು ಗುರುತಿನಲ್ಲಿ ಹೆಣೆದರೆ ಹಳೆಯ ಟೇಬಲ್ ಹೊಸ ನಕ್ಷೆಗೆ ಹೊಂದುವುದಿಲ್ಲ. ಜನಗಣತಿಯ ಗ್ರಾಮ ಸಂಕೇತ ದೇಶದಲ್ಲೇ ಒಂದೊಂದು ಊರಿಗೆ ಒಂದು. ಆದ್ದರಿಂದ ಗ್ರಾಮ ಸಂಕೇತದಿಂದ ಶುರುಮಾಡಿ ಸರ್ವೆ, ಸರ್ನೋಕ್, ಹಿಸ್ಸಾ ಸೇರಿಸಿದರೆ ಸಾಕು. ತಾಲ್ಲೂಕು ಪಕ್ಕದ ಕಾಲಂನಲ್ಲಿ ಇರಲಿ.

ಜೋಡಿಸಿದ ಮೇಲೆ

ಒಂದೇ ಗುರುತು ಎಷ್ಟು ಸಾಲಿನಲ್ಲಿದೆ ಎಂದು ಎಣಿಸಿ ನೋಡಬೇಕು. ಮರುಕಳಿಸಿದ್ದೆಲ್ಲ ತಪ್ಪೇನಲ್ಲ. ಜಂಟಿ ಖಾತೆಯಲ್ಲಿ ಒಂದು ಹಿಸ್ಸಾಕ್ಕೆ ಅಣ್ಣತಮ್ಮಂದಿರ ಹೆಸರು ಬೇರೆ ಬೇರೆ ಸಾಲಿನಲ್ಲಿ ಇರಬಹುದು. ಆದರೆ ಕ್ಯೂಜಿಐಎಸ್‌ನ ಸಾಧಾರಣ ಜಾಯಿನ್ ಒಂದು ಸಾಲನ್ನಷ್ಟೇ ಹಿಡಿದು ಉಳಿದವರನ್ನು ಬಿಟ್ಟುಬಿಡುತ್ತದೆ. ಅಂಥ ಟೇಬಲ್ ಇದ್ದಾಗ ಜಾಯಿನ್ ಬೇಡ, ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ರಿಲೇಶನ್ ಕಟ್ಟಬೇಕು. ಆಗ ಹೊಲದ ಮೇಲೆ ಒತ್ತಿದರೆ ಎಲ್ಲ ಖಾತೆದಾರರ ಹೆಸರೂ ಬರುತ್ತದೆ.